ಹಿಂಬದಿಯ ಬ್ರೇಕು ಬದಲಿಸುವ ಮುನ್ನ

ಮಕ್ತಲ್ ಕಡೆಯ ಕನ್ನಡಿಗ ಮಿತ್ರರೊಬ್ಬರಿಂದ ಇತ್ತೀಚೆಗೆ ನಮಗೊಂದು ಪ್ರಶ್ನೆ ಬಂದಿದೆ. ರಾಯಚೂರಿನಿಂದ ಕೃಷ್ಣೆಯನ್ನು ದಾಟಿ ಮಹಬೂಬ್‌ನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಮಕ್ತಲ್ ಇದೆ. ಈಗ ಅದು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಗೆ ಸೇರಿದೆ. 1956ರ ನವೆಂಬರ್ 1ರಂದು ನಾವು ಕೇರಳದ ಪಾಲಾದಂತೆ ಆ ಭಾಗದ ಕನ್ನಡಿಗರು ಆಂಧ್ರಪ್ರದೇಶದ ಪಾಲಾದರು. ಮಿತ್ರರ ಮನೆಯಲ್ಲಿ ಹಳೆಯದೊಂದು ಜೀಪಿದೆ. ಹೊಲಕ್ಕೆ ಗೊಬ್ಬರ ಸಾಗಿಸುವುದೂ ಮಳೆಗಾಲದಲ್ಲಿ ಮನೆಯ ಮಕ್ಕಳನ್ನು ಶಾಲೆಗೆ ಮುಟ್ಟಿಸುವುದೂ ಅದೇ. ಹಿಂದಿನ ಚಕ್ರಗಳ ಡ್ರಮ್ ಬ್ರೇಕು ತೆಗೆದು ಡಿಸ್ಕ್ ಬ್ರೇಕು ಹಾಕಿಸಿದರೆ ಭಯವಿಲ್ಲವೆಂದು ವರ್ಕ್‌ಶಾಪಿನವರು ಹೇಳಿದ್ದಾರಂತೆ. ಹಾಕಿಸಬಹುದೇ ಎಂಬುದು ಅವರ ಪ್ರಶ್ನೆ.

ನಮ್ಮ ಜಿಲ್ಲೆಯ ಗುಡ್ಡಗಾಡಿನಲ್ಲೂ ಜೀಪು ಇಟ್ಟುಕೊಂಡ ಮನೆಗಳು ಹಲವಿರುವುದರಿಂದ ಈ ವಿಚಾರವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಡ್ರಮ್ ಬ್ರೇಕಿನಲ್ಲಿ ಎರಡು ಶೂಗಳು ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತುತ್ತವೆ. ಡಿಸ್ಕಿನಲ್ಲಿ ತೆರೆದ ತಟ್ಟೆಯೊಂದನ್ನು ಎರಡು ಪ್ಯಾಡುಗಳು ಇಬ್ಬದಿಯಿಂದ ಹಿಡಿಯುತ್ತವೆ. ಕೃಷ್ಣೆಯ ದಂಡೆಯ ಎರೆಮಣ್ಣು ಹಸಿಯಾದಾಗ ಚಕ್ರವನ್ನು ಬಿಡುವುದಿಲ್ಲ. ಗದ್ದೆಯ ಕೆಸರುನೀರು ಡ್ರಮ್ಮಿನೊಳಗೆ ಹೊಕ್ಕರೆ ಅಲ್ಲಿಯೇ ನಿಲ್ಲುತ್ತದೆ. ಶೂ ಒದ್ದೆಯಾಗಿ ಹಿಡಿತ ತಪ್ಪುತ್ತದೆ. ಒಣಗಿದ ಮಣ್ಣು ಅರದಂತೆ ಲೈನಿಂಗನ್ನು ತಿನ್ನುತ್ತದೆ. ಡಿಸ್ಕಿನ ಮೇಲೆ ಬಿದ್ದ ನೀರಾದರೋ ತಿರುಗುವ ವೇಗಕ್ಕೆ ಸಿಡಿದುಹೋಗುತ್ತದೆ. ಆದುದರಿಂದ ಮೆಕ್ಯಾನಿಕ್ ಹೇಳಿದ ಮಾತಿನಲ್ಲಿ ಸತ್ಯಾಂಶ ಇಲ್ಲದಿಲ್ಲ.

ಮಕ್ತಲಿನ ಶತ್ರು ಕೆಸರಾದರೆ ನಮ್ಮಲ್ಲಿಯ ಶತ್ರು ಕಾವು. ಘಟ್ಟದ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಯೇ ಇಳಿದರೆ ಡ್ರಮ್ಮು ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲು ಕೆಳಗಿಳಿಯುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದು. ಡಾಟ್ 3 ದರ್ಜೆಯ ಎಣ್ಣೆ ಹೊಸದಿದ್ದಾಗ 205 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ಮೇಲೆ ಅದರ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಎಣ್ಣೆ ಕುದಿದು ಆವಿಯಾದರೆ ಪೆಡಲು ಒತ್ತಿದರೂ ಚಕ್ರ ನಿಲ್ಲದು. 2021ರ ಜನವರಿ 3ರಂದು ಪಾಣತ್ತೂರಿನ ಬಳಿ ಇಳಿಜಾರಿನಲ್ಲಿ ಮದುವೆ ದಿಬ್ಬಣದ ಬಸ್ಸು ಮನೆಯೊಂದರ ಮೇಲೆ ಉರುಳಿ ಏಳು ಜೀವಗಳು ಹೋದುದನ್ನು ವಾಚಕರು ಮರೆತಿರಲಾರರು. ಅದು ಬಸ್ಸು, ಅದರ ಕಾರಣದ ವಿಚಾರ ಬೇರೆ. ಆದರೆ ನಮ್ಮ ಇಳಿಜಾರುಗಳು ಎಂಥವೆಂಬುದಕ್ಕೆ ಆ ದಿನ ಸಾಕ್ಷಿಯಾಗಿದೆ.

ಹಾಗಾದರೆ ಡಿಸ್ಕೇ ಲೇಸಲ್ಲವೇ ಎಂದು ಕೇಳಬಹುದು. ಇಲ್ಲಿ ಕೆಲವು ಅಂಶಗಳನ್ನು ಗಮನಿಸತಕ್ಕದ್ದಿದೆ. ಬ್ರೇಕು ಒತ್ತಿದಾಗ ವಾಹನದ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಚಕ್ರಗಳದ್ದು. ಆ ಕಾರಣದಿಂದಲೇ ಮಾರುತಿ ಜಿಪ್ಸಿ, ಬೊಲೆರೊ, 2020ರಲ್ಲಿ ಬಂದ ಥಾರ್ ಮೊದಲಾದ ವಾಹನಗಳಿಗೆ ತಯಾರಕರು ಮುಂದೆ ಡಿಸ್ಕ್, ಹಿಂದೆ ಡ್ರಮ್ ಇಟ್ಟರು. ನಾಲ್ಕೂ ಚಕ್ರಗಳಿಗೆ ಡ್ರಮ್ ಇರುವ ಹಳೆಯ ಜೀಪಿನಲ್ಲಿ ಹಿಂದೆ ಮಾತ್ರ ಡಿಸ್ಕ್ ಹಾಕುವುದು ತಲೆಕೆಳಗಾದ ಕ್ರಮ. ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಮೊದಲೇ ಬಿಗಿದು ನಿಂತರೆ ಒದ್ದೆ ರಸ್ತೆಯಲ್ಲಿ ವಾಹನದ ಹಿಂಭಾಗ ಪಕ್ಕಕ್ಕೆ ಜಾರಿ ಇಡೀ ಗಾಡಿಯೇ ತಿರುಗಿಬಿಡುತ್ತದೆ.

ಇನ್ನೊಂದು ಅಂಶ ಒತ್ತಡದ್ದು. ಡ್ರಮ್ಮಿನ ಶೂ ಚಕ್ರದ ತಿರುಗುವಿಕೆಯಿಂದಲೇ ಇನ್ನಷ್ಟು ಬಿಗಿಯುತ್ತದೆ. ಡಿಸ್ಕಿಗೆ ಈ ಸಹಾಯವಿಲ್ಲ. ಅದಕ್ಕೆ ಹೆಚ್ಚಿನ ಒತ್ತಡವೂ ಹೆಚ್ಚು ಎಣ್ಣೆಯೂ ಬೇಕು. ಹಳೆಯ ಮಾಸ್ಟರ್ ಸಿಲಿಂಡರನ್ನೇ ಉಳಿಸಿಕೊಂಡರೆ ಪೆಡಲು ಆಳಕ್ಕೆ ಹೋಗಬಹುದು. ಡ್ರಮ್ಮಿಗಾಗಿ ಕೊಳವೆಯಲ್ಲಿ ಸ್ವಲ್ಪ ಒತ್ತಡ ಉಳಿಸುವ ಕವಾಟವನ್ನು ಹಾಗೆಯೇ ಬಿಟ್ಟರೆ ಪ್ಯಾಡುಗಳು ಸದಾ ಉಜ್ಜುತ್ತ ಕಾಯುತ್ತವೆ. ಹಿಂದುಮುಂದಿನ ಪಾಲನ್ನು ಹೊಂದಿಸುವ ಕವಾಟವೂ ಬೇರೆ ಬೇಕಾಗುತ್ತದೆ.

ಕೈಬ್ರೇಕಿನ ಪ್ರಶ್ನೆ ಇನ್ನೂ ಗಂಭೀರ. ಅನೇಕ ವಾಹನಗಳಲ್ಲಿ ಕೈಬ್ರೇಕು ಎಳೆಯುವುದು ಹಿಂದಿನ ಡ್ರಮ್ಮಿನ ಶೂಗಳನ್ನೇ. ಡ್ರಮ್ ತೆಗೆದು, ಕೈಬ್ರೇಕಿನ ಸೌಕರ್ಯವಿಲ್ಲದ ಕ್ಯಾಲಿಪರ್ ಹಾಕಿದರೆ ಗುಡ್ಡದಲ್ಲಿ ನಿಲ್ಲಿಸಿದ ಜೀಪಿಗೆ ಗೇರೂ ಚಕ್ರಕ್ಕಿಟ್ಟ ಕಲ್ಲೂ ಮಾತ್ರ ಆಧಾರ. ಅದರೊಳಗೆ ಮಕ್ಕಳು ಕುಳಿತಿರಬಹುದೆಂಬುದನ್ನು ನೆನೆಯಬೇಕು.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ವಿಧಿ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಕೇರಳದಿಂದಲೇ ಹೋದ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲಿಕನಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲೂ ಇದು ದಾರಿ. ಹೊಣೆ ಬರುವುದು ಮಾಲಿಕನ ತಲೆಗೆ. ಬಿಲ್ಲಿಲ್ಲದೆ ಕೆಲಸ ಮಾಡಿಕೊಟ್ಟವರು ಆಗ ಜೊತೆಗೆ ನಿಲ್ಲುವರೆಂಬ ಭರವಸೆಯಿಲ್ಲ.

ಹೀಗಿರುವಾಗ ಮೊದಲು ಮಾಡಬೇಕಾದ ಕೆಲಸ ಇರುವ ಬ್ರೇಕನ್ನು ಸರಿಯಾಗಿಡುವುದು. ಕೆಸರಿನ ದಿನಗಳಲ್ಲಿ ಡ್ರಮ್ ಬಿಚ್ಚಿಸಿ ತೊಳೆಸಿ ಶೂ ಹೊಂದಿಸಬೇಕು. ಆಕ್ಸಲಿನ ಸೀಲು ಸೋರಿ ಗೇರೆಣ್ಣೆ ಲೈನಿಂಗಿಗೆ ತಗಲಿದೆಯೇ, ವೀಲ್ ಸಿಲಿಂಡರು ಜಿನುಗುತ್ತಿದೆಯೇ ಎಂದು ನೋಡಿಸಬೇಕು. ಡಿಸ್ಕ್ ಹಾಕಿದರೂ ಸೋರುವ ಸೀಲು ಸೋರುತ್ತಲೇ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಎಣ್ಣೆ ಬದಲಿಸಬೇಕು. ನೀರು ದಾಟಿದ ಮೇಲೆ ನಿಧಾನವಾಗಿ ಹೋಗುತ್ತ ಪೆಡಲನ್ನು ಮೆಲ್ಲಗೆ ಒತ್ತಿ ಶೂ ಒಣಗಿಸಬೇಕು. ಘಟ್ಟವನ್ನು ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಿರಿಯ ಡ್ರೈವರುಗಳ ಮಾತು ಇಂದಿಗೂ ಸುಳ್ಳಲ್ಲ. ಇವೆಲ್ಲವೂ ಆದ ಮೇಲೂ ಬ್ರೇಕು ಸಾಲದೆನಿಸಿದರೆ ಸಾರಿಗೆ ಕಚೇರಿಯನ್ನು ಬರಹದಲ್ಲಿ ಕೇಳಿ, ಲಿಖಿತ ಒಪ್ಪಿಗೆ ಸಿಕ್ಕಿದ ಮೇಲೆಯೇ ಮುಂದುವರಿಯತಕ್ಕದ್ದು.

ಭಾಷೆ ತೊಡಕೆಂದು ಅನೇಕರು ಈ ಕೇಳುವ ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಮಕ್ತಲಿನಲ್ಲಿ ಅರ್ಜಿ ತೆಲುಗಿನಲ್ಲಿ, ಇಲ್ಲಿ ಮಲಯಾಳದಲ್ಲಿ ಎಂಬ ಅಂಜಿಕೆ. ಆದರೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕನ್ನಡದಲ್ಲೇ ಬರೆದು, ಪ್ರತಿಯೊಂದನ್ನು ಇಟ್ಟುಕೊಳ್ಳಲಿ. ಬ್ರೇಕಿನ ನಿಯಮಗಳನ್ನು ಗಡಿನಾಡಿನ ಕನ್ನಡಿಗರಿಗೆ ಕನ್ನಡದಲ್ಲಿ ಅಚ್ಚು ಹಾಕಿ ಕೊಡಬೇಕಾದುದು ಇಲಾಖೆಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಅರಿಯದ ನಿಯಮಕ್ಕೂ ದಂಡ ತೆರಬೇಕಾಗುತ್ತದೆ. ಅರಿಯದ ಅಪಾಯಕ್ಕಾದರೋ ಜೀವವನ್ನೇ ತೆರಬೇಕಾದೀತು.

ನಮ್ಮ ಮಿತ್ರರಿಗೆ ನಾವು ಬರೆದ ಉತ್ತರ ಇಷ್ಟೆ: ಡ್ರಮ್ಮನ್ನು ಈಗ ಬದಲಿಸಬೇಡಿ, ಬಿಚ್ಚಿ ನೋಡಿಸಿ. ಅಲ್ಲಿಯವರೆಗೆ ಮಕ್ಕಳು ಬಸ್ಸಿನಲ್ಲಿ ಹೋಗಲಿ.