ಅಂಗವಿಕಲರ ಮಾಸಾಶನಕ್ಕೆ ಯಾರ ಆದಾಯ ಲೆಕ್ಕ?

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳಿಗೆ ಸಿಗಬೇಕಾದ ಕನಿಷ್ಠ ವೇತನವೇ ತಿಂಗಳಿಗೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಸಾಮಾಜಿಕ ಭದ್ರತಾ ಪಿಂಚಣಿಗಳಿಗೆ ಕಂದಾಯ ಇಲಾಖೆ ಇಟ್ಟ ಆದಾಯ ಮಿತಿ ವರ್ಷಕ್ಕೆ 32,000 ರೂಪಾಯಿ. ತಿಂಗಳಿಗೆ 2,700ಕ್ಕೂ ಕಡಿಮೆ. ಲೆಕ್ಕಕ್ಕೆ ಬರುವುದು ಇಡೀ ಕುಟುಂಬದ ದುಡಿಮೆ. ಹಾಗಾಗಿ ಆಕೆಯ ಮನೆಯಲ್ಲಿ ನಡೆಯಲಾಗದ, ಸಂಪಾದನೆಯಿಲ್ಲದ ವಯಸ್ಕ ಮಗನಿದ್ದರೆ, ನಿಯಮದಂತೆ ಅವನಿಗೆ ಮಾಸಾಶನವಿಲ್ಲ. ವೈಟ್‌ಫೀಲ್ಡ್‌ನ ಹೌಸ್‌ಕೀಪಿಂಗ್ ಕೆಲಸದವರು, ಎಲೆಕ್ಟ್ರಾನಿಕ್ ಸಿಟಿಯ ಸೆಕ್ಯುರಿಟಿ ಗಾರ್ಡ್‌ಗಳ ಮನೆಯ ಕಥೆಯೂ ಇದೇ. ಆ ಮಿತಿಯೊಳಗಿನ ವರಮಾನದಲ್ಲಿ ಈ ಪ್ರದೇಶಗಳಲ್ಲಿ ಮನೆ ಬಾಡಿಗೆಯೂ ಹುಟ್ಟದು. ನಾಡಕಚೇರಿಯಲ್ಲಿ ನಿಜ ಹೇಳಿದವರು ಬರಿಗೈಲಿ ಮರಳಬೇಕು. ಆದಾಯ ತಗ್ಗಿಸಿ ಬರೆಸಿದವರು ಮುಂದಿನ ಪರಿಶೀಲನೆಯಲ್ಲಿ ಅನರ್ಹರಾಗುವ ಭಯದಲ್ಲೇ ಇರಬೇಕು. ಬಡವರನ್ನು ಸುಳ್ಳಿಗೆ ದೂಡುವ ಈ ನಿಯಮ ಅನ್ಯಾಯದ್ದು. ಮಾಸಾಶನಕ್ಕೆ ಅಂಗವಿಕಲ ವ್ಯಕ್ತಿಯ ಸ್ವಂತ ಆದಾಯವನ್ನಷ್ಟೇ ನೋಡಬೇಕು.

ಹಾಗೆ ಮಾಡಿದರೆ ಉಳ್ಳವರ ಮನೆಗೂ ಹಣ ಹೋಗುತ್ತದೆ ಎಂಬ ಆಕ್ಷೇಪಕ್ಕೆ ಸರ್ಕಾರವೇ ಉತ್ತರ ಕೊಟ್ಟಾಗಿದೆ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯಲ್ಲಿ ತಿಂಗಳಿಗೆ 2,000 ರೂಪಾಯಿ ಕೊಡುವಾಗ 32,000ದ ಗೆರೆ ಎಳೆಯಲಿಲ್ಲ. ಯಜಮಾನಿ ಅಥವಾ ಪತಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿದ್ದರೆ ಮಾತ್ರ ಹೊರಗಿಟ್ಟರು. ಅದೇ ಜರಡಿ ಇಲ್ಲಿಗೂ ಸಾಕು. ನಕಲಿ ಪ್ರಮಾಣಪತ್ರದ ಆತಂಕ ಸುಳ್ಳಲ್ಲ. ಆದರೆ ಅದನ್ನು ತಡೆಯಬೇಕಾದದ್ದು ವೈದ್ಯಕೀಯ ತಪಾಸಣೆ ಮತ್ತು ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು. ತಾಯಿಯ ಸಂಬಳದ ಚೀಟಿಯಿಂದ ಮಗನ ಅಂಗವೈಕಲ್ಯ ಅಳೆಯಲಾಗದು.

ಬೊಕ್ಕಸದ ಹೊರೆಯ ಮಾತು ಇನ್ನೂ ಗಂಭೀರವಾದದ್ದು, ಒಪ್ಪೋಣ. ಆದರೆ ಇದು ದಾನದ ಬಾಬತ್ತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಇತರರಿಗಿರುವ ಅಂಥದ್ದೇ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ ಶೇ 25ರಷ್ಟು ಹೆಚ್ಚು ನೆರವು ಸಿಗಬೇಕು. 2021ರ ಜುಲೈನಲ್ಲಿ ರಾಜ್ಯ ಸರ್ಕಾರ ವೃದ್ಧರ ಸಂಧ್ಯಾ ಸುರಕ್ಷಾ ಮೊತ್ತವನ್ನು 1,200ಕ್ಕೆ, ವಿಧವಾ ವೇತನವನ್ನು 800ಕ್ಕೆ ಏರಿಸಿದಾಗ, ಶೇ 40ರಿಂದ 75ರಷ್ಟು ಅಂಗವೈಕಲ್ಯ ಇರುವವರಿಗೆ ನಿಗದಿಯಾದದ್ದೂ 800 ರೂಪಾಯಿ. ಕಾಯ್ದೆಯ ಲೆಕ್ಕ ಹಿಡಿದರೆ ಅದು ವಿಧವಾ ವೇತನಕ್ಕೆ ಹೋಲಿಸಿ 1,000, ಸಂಧ್ಯಾ ಸುರಕ್ಷಾಗೆ ಹೋಲಿಸಿ 1,500 ಆಗಬೇಕಿತ್ತು. ಕೇಂದ್ರದ ಪಾಲಂತೂ ಶೇ 80ಕ್ಕೂ ಹೆಚ್ಚು ಅಂಗವೈಕಲ್ಯ ಇರುವ ಬಡವರಿಗೆ ತಿಂಗಳಿಗೆ 300 ರೂಪಾಯಿ ಮಾತ್ರ. ಆದಾಯ ಮಿತಿ ಎಷ್ಟಿರಬೇಕೆಂದು ಅಧಿಸೂಚನೆಯಲ್ಲಿ ನಿಗದಿ ಮಾಡುವ ಅಧಿಕಾರವನ್ನು ಕಾಯ್ದೆಯ ಅದೇ 24ನೇ ಸೆಕ್ಷನ್ ಸರ್ಕಾರಕ್ಕೆ ಕೊಟ್ಟಿದೆ. ಕುಟುಂಬದ ಆದಾಯದ ಷರತ್ತನ್ನು ಕೈಬಿಡಲು ಹೊಸ ಕಾನೂನು ಬೇಕಿಲ್ಲ. ಕಂದಾಯ ಇಲಾಖೆ ಆದೇಶ ಹೊರಡಿಸಲಿ.