ವೇಗ ಇರುವುದು ಕ್ಯಾಮೆರಾದಲ್ಲಿ

ಬೈಕ್ ರೇಸಿನ ಚಿತ್ರ ಕಂಡ ಹುಡುಗರು ಗೆಳೆಯನಿಗೆ ಬೈಕ್ ಕೊಟ್ಟು 'ಇನ್ನೂ ಜೋರು ಹೊಡಿ' ಎನ್ನುತ್ತಾರೆ. ಅಪಾಯವೂ ಹೌದು, ವ್ಯರ್ಥವೂ ಹೌದು. ಗಂಟೆಗೆ 72 ಕಿ.ಮೀ. ವೇಗದ ಬೈಕ್ 1/1000 ಸೆಕೆಂಡಿನಲ್ಲಿ ಸಾಗುವುದು 2 ಸೆಂ.ಮೀ. ಮಾತ್ರ, ಚಿತ್ರದಲ್ಲಿ ನಿಲ್ಲಿಸಿಟ್ಟಂತೆ ಕಾಣುತ್ತದೆ.

ವೇಗ ತೋರಿಸಲು ನಿಧಾನದ ಶಟರ್ ಬೇಕು. ಗಂಟೆಗೆ 18 ಕಿ.ಮೀ. ವೇಗದ ಸೈಕಲ್ 1/15 ಸೆಕೆಂಡಿನಲ್ಲಿ 33 ಸೆಂ.ಮೀ. ಸಾಗುತ್ತದೆ. ಅಷ್ಟು ಹೊತ್ತೂ ಕ್ಯಾಮೆರಾ ಸವಾರನೊಂದಿಗೇ ತಿರುಗಿದರೆ ಸವಾರ ಸ್ಪಷ್ಟ, ಹಿನ್ನೆಲೆ ಗೆರೆಗೆರೆ. ಇದೇ 'ಪ್ಯಾನಿಂಗ್'.

ಪಾದ ಊರಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಸೊಂಟದಿಂದ ತಿರುಗಬೇಕು. ಕ್ಲಿಕ್ಕಿಸಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಮಧ್ಯಾಹ್ನದ ಬಿಸಿಲಿಗೆ ಚಿತ್ರ ಬಿಳಿಚೀತು, ಸಂಜೆ ಉತ್ತಮ. ಬರೀ ಆಕಾಶದಲ್ಲಿ ಗೆರೆ ಮೂಡದು. ಸೇಡಂ, ಚಿತ್ತಾಪುರದ ಹೂಬಿಟ್ಟ ತೊಗರಿ ಹೊಲ, ಶಹಾಬಾದ್ ಕಲ್ಲಿನ ಗೋಡೆ, ಚಿಂಚೋಳಿಯ ಕಾಡಂಚು ಒಳ್ಳೆಯ ಹಿನ್ನೆಲೆಗಳು. ಅವುಗಳ ಮುಂದಿನ ಬಂಡಿದಾರಿ ಸಾಕು. ವಾಡಿ ಜಂಕ್ಷನ್ನಿನ ಹಳಿಗಳ ಬಳಿ ಖಂಡಿತ ಬೇಡ.

ಫ್ರಾನ್ಸಿನ ಲಾರ್ಟಿಗ್ ಹರೆಯದಲ್ಲಿ ಹೀಗೆ ತಿರುಗುತ್ತ ತೆಗೆದ ರೇಸ್ ಕಾರಿನ ಚಿತ್ರದಲ್ಲಿ ಕಾರಿನ ಮುಂಭಾಗವೇ ಇಲ್ಲ, ಚಕ್ರ ವಾಲಿದೆ. ಆದರೂ ಅದು ಜಗತ್ಪ್ರಸಿದ್ಧ. ಇಪ್ಪತ್ತರಲ್ಲಿ ಒಂದು ಚಿತ್ರ ಸರಿಬಂದರೂ ಲಾಭವೇ. ಉಳಿದವನ್ನು ಕಂಡು ಪಾಲಕರು ಗದರದಿರಲಿ. ಕೈ ಪಳಗುವುದು ಅವುಗಳಲ್ಲೇ.