ಆಟದ ನಿಯಮ: ಪಾಠವೂ ಪಂಚಾಯಿತಿಯೂ

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಆಟದಲ್ಲಿ ಆಟಗಾರರು ಮೇಜಿನ ಸುತ್ತ ಕುಳಿತು, ಪಾತ್ರ ವಹಿಸಿ, ಮಾತಿನಲ್ಲಿಯೇ ಕಥೆ ಕಟ್ಟುತ್ತಾರೆ. ಅದರಲ್ಲಿ ಅದೃಶ್ಯರಾಗುವ ಮಂತ್ರವೊಂದಿದೆ. ಅದೃಶ್ಯನಾದವನು ಆಕ್ರಮಣ ಮಾಡಿದೊಡನೆ ಮಂತ್ರದ ಬಲ ಅಳಿಯುತ್ತದೆ. ಆದರೆ ಆಕ್ರಮಣವೆಂದರೆ ಯಾವುದು? ಶತ್ರುಗಳು ದಾಟುತ್ತಿರುವ ಸೇತುವೆಯ ಹಗ್ಗ ಕತ್ತರಿಸುವುದು ಆಕ್ರಮಣವೇ? 2000ದಲ್ಲಿ ಬಂದ ಮೂರನೆಯ ಆವೃತ್ತಿ ಅದು ಆಕ್ರಮಣವಲ್ಲವೆಂದು ಸ್ಪಷ್ಟಪಡಿಸಿತು. ಆದರೂ ಪುಸ್ತಕ ಊಹಿಸದ ಸಂದರ್ಭಗಳು ಹುಟ್ಟುತ್ತಲೇ ಇರುತ್ತವೆ. ಆಗ ತೀರ್ಪು ಆಟ ನಡೆಸುವವನದು.

ಈ ಸಮಸ್ಯೆ ನಮಗೆ ಹೊಸದಲ್ಲ. ನಮ್ಮ ಚೌಕಾಬಾರದಲ್ಲಿ ಇಪ್ಪತ್ತೈದು ಮನೆ, ನಾಲ್ಕು ಕವಡೆ. ಎದುರಾಳಿಯ ಕಾಯಿ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬುದು ಬಹುಕಡೆ ಕಟ್ಟಳೆ. ಆದರೆ ಒಂದು ಕಾಯಿ ಹೊಡೆದರೆ ಆ ಆಟಗಾರನ ಎಲ್ಲ ಕಾಯಿಗಳಿಗೂ ದಾರಿ ತೆರೆಯುವುದೇ, ಇಲ್ಲವೇ ಪ್ರತಿಯೊಂದು ಕಾಯಿಯೂ ತನ್ನ ಹಕ್ಕನ್ನು ತಾನೇ ಗಳಿಸಬೇಕೇ? ಕಟ್ಟಳೆಯ ಮಾತು ಎರಡು ಅರ್ಥಕ್ಕೂ ಎಡೆಗೊಡುತ್ತದೆ. ಇಲ್ಲಿ ತೆರೆದು ನೋಡಲು ಪುಸ್ತಕವಿಲ್ಲ. ಕುಳಿತವರ ಒಪ್ಪಂದ, ಹಿರಿಯರ ನೆನಪು, 'ನಮ್ಮನೆಯಲ್ಲಿ ಹೀಗೆ' ಎಂಬ ವಾದ, ಇವೇ ಪ್ರಮಾಣಗಳು.

ನಮ್ಮ ಜನಪದ ಆಟಗಳ ದಾಖಲಾತಿಯು ಮನೆಗಳ ಸಂಖ್ಯೆ, ಕಾಯಿಗಳ ನಡೆಗಳನ್ನು ಕೊಟ್ಟು, ಸಾಮಾನ್ಯವಾಗಿ ಒಂದೇ ನಿಯಮವನ್ನು ಮುದ್ರಿಸಿ ಮುಗಿಸುತ್ತದೆ. ಜಗಳ ಬಿಟ್ಟುಹೋಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಅವರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಮಣೆಯಾಟಗಳು ಗ್ರಂಥಸ್ಥವಾಗಿವೆ. ಅರಮನೆಯ ಆಟಕ್ಕೆ ಗ್ರಂಥ ಸಾಕಾಗಬಹುದು. ಕಟ್ಟೆಯ ಆಟಕ್ಕೆ ಸಾಲದು. ಅಲ್ಲಿ ನಿಯಮವನ್ನು ಅರ್ಥೈಸುವುದೂ ಆಟದ ಒಂದು ಅಂಗವೇ ಆಗಿದೆ.

ನಿಶ್ಚಿತ ನಿಯಮವಿಲ್ಲದೆ ತೌಲನಿಕ ಅಧ್ಯಯನ ಹೇಗೆ ಸಾಧ್ಯ ಎಂಬ ಆಕ್ಷೇಪ ಸಹಜ. ಉತ್ತರ ನಮ್ಮ ಶಿಸ್ತಿನಲ್ಲಿಯೇ ಇದೆ. ಗ್ರಂಥಸಂಪಾದಕನು ಒಂದು ಪಾಠವನ್ನು ಸ್ವೀಕರಿಸಿದರೂ ಪಾಠಾಂತರಗಳನ್ನು ಎಸೆಯುವುದಿಲ್ಲ, ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಓಲೆಗರಿಗೆ ಸಲ್ಲುವ ಈ ಗೌರವ ಕವಡೆಯಾಟಕ್ಕೆ ಏಕೆ ಸಲ್ಲಬಾರದು?

ಆದ್ದರಿಂದ ನಿಡೋಣಿ, ಬಬಲೇಶ್ವರ, ತಿಕೋಟಾಗಳಂತಹ ಊರುಗಳಿಗೆ ಕ್ಷೇತ್ರಕಾರ್ಯಕ್ಕೆ ತೆರಳುವ ಸಂಶೋಧನಾರ್ಥಿಗಳು 'ಆಟ ಹೇಗೆ ಆಡುತ್ತೀರಿ?' ಎಂದಷ್ಟೇ ಕೇಳಿ ಬರಬಾರದು. 'ಯಾವುದಕ್ಕೆ ತಂಟೆ ಬರುತ್ತದೆ? ಬಂದರೆ ಯಾರ ಮಾತು ನಡೆಯುತ್ತದೆ? ಹೆಂಗಸರು ಆಡುವಾಗ, ಮಕ್ಕಳು ಆಡುವಾಗ ತೀರ್ಪು ಬೇರೆಯೇ?' ಎಂದು ಕೇಳಬೇಕು. ಪಕ್ಕದಲ್ಲಿ ಕುಳಿತು ಒಂದಾಟವನ್ನು ಕೊನೆಯವರೆಗೆ ನೋಡಬೇಕು. ಮಣೆ, ಕವಡೆಗಳನ್ನು ವಸ್ತುಸಂಗ್ರಹಾಲಯದಲ್ಲಿ ಕಾಪಿಡಬಹುದು. ವಾದಿಸಿ ಒಪ್ಪಿಕೊಂಡು ಮತ್ತೆ ಕವಡೆ ಉರುಳಿಸುವ ವಿವೇಕವನ್ನಾದರೋ, ಆಡುವವರು ಇರುವಾಗಲೇ ದಾಖಲಿಸಿಕೊಳ್ಳಬೇಕು.